ಕೂಸಿನ ಬಾಯಿಗೆ ಚಮಚಾ, ಬಾಣಂತಿ ತಲಿಗೆ ಮಾತು

ನಿನ್ನೆ ಸಂಜೀಮುಂದ ನಮ್ಮನಿಗೆ ಬಂದಿದ್ದವರು ಇದನ್ನ ಓದಿದ್ರ ಸಿಟ್ಟಾಗ್ತಾರ, ಅದು ನನಗ ಗೊತ್ತದ. ಆಗ್ಲಿ. ಎದುರಿಗೆ ಹೇಳಲಿಕ್ಕೆ ನನಗ ಬಾಯಿ ಬರಲಿಲ್ಲ. ಚಹಾ ಕೊಟ್ಟು, ಕುಂಕುಮ ಹಚ್ಚಿ, ಕುಬಸದ ಕಣ ಕೈಯಾಗಿಟ್ಟು ಕಳಿಸಿದೆ. ಅವರು ಗೇಟ್ ದಾಟಿದ ಮ್ಯಾಲೆ ನನ್ನ ಮಗಳು ಬಾಣಂತಿ ಕೋಣಿ ಬಾಗಿಲಾ ಮುಂದ ಮಾಡಿಕೊಂಡು ಅತ್ಲು. ಒಳಗ ಕೂಸೂ ಅಳ್ತಿತ್ತು, ತಾಯಿನೂ ಅಳ್ತಿದ್ಲು. ನಾನು ಅಡಗಿಮನ್ಯಾಗ ಸಬ್ಬಸಗಿ ಸೋಸಿಕೋತ ನಿಂತಿದ್ದೆ, ಕೈ ನಡಗಲಿಕ್ಕೆ ಹತ್ತಿದ್ವು. ರಾತ್ರಿ ಕೂಸು ಮಲಗಿದ ಮ್ಯಾಲೆ ಕೂತು ಇದನ್ನ ಬರಿಲಿಕ್ಕೆ ಶುರು ಮಾಡೀನಿ.

ಮೊಮ್ಮಗಳು ಹುಟ್ಟಿ ಇವತ್ತಿಗೆ ಆರು ವಾರ. ಹುಟ್ಟಿದಾಗ 2 ಕೆ.ಜಿ. 800 ಗ್ರಾಂ ಇತ್ತು, ಹೋದ ಸೋಮವಾರ ತೂಕ ಮಾಡಿಸಿದಾಗ 4 ಕೆ.ಜಿ. ಆಗಿತ್ತು. ಮುಂಜಾನೆ ಎಲ್ಲಾ ಕೂಸಿನಂಗ ಕೂಸು. ಎಣ್ಣಿ ಹಚ್ಚಿ ಎರದ್ರ ಸುಖಾಗಿ ಮಲಗ್ತದ. ಸಂಜಿ ಆರು ಹೊಡೀತಂದ್ರ ಸುರು. ಮುಖ ಕೆಂಪಗ ಮಾಡಿ, ಮುಷ್ಟಿ ಬಿಗದು, ಕಾಲು ಹೊಟ್ಟಿಗೆ ಎಳಕೊಂಡು ಒಂಬತ್ತರ ತನಕ ಒಂದೇ ಸವನ ಅಳ್ತದ. ಡಾಕ್ಟರ್ ಮೈಯೆಲ್ಲಾ ನೋಡಿ, ಹೊಟ್ಟಿ ಮುಟ್ಟಿ, ಕಿವಿ ನೋಡಿ, ಏನೂ ಇಲ್ಲ, ಕೂಸು ಗಟ್ಟಿ ಅದ ಅಂತ ಹೇಳ್ಯಾರ. ಇಷ್ಟು ಹೇಳಿದ ಮ್ಯಾಲೂ ನಿನ್ನೆ ಆರೂವರಿಯಿಂದ ಏಳರ ತನಕ ಅರ್ಧ ತಾಸಿನ್ಯಾಗ ನಮ್ಮ ಹಾಲಿನ್ಯಾಗ ಏನೇನು ಆತು ಕೇಳ್ರಿ.

ಒಬ್ಬರು ಕೂತ ಕೂಡ್ಲೆ, 'ಹಾಲು ಸಾಲವಲ್ದು, ಡಬ್ಬಿ ಹಾಲು ಸುರು ಮಾಡ್ರಿ' ಅಂದ್ರು. ಇನ್ನೊಬ್ಬರು ಮಗಳ ಕಡೆ ನೋಡಿ, 'ಮಧ್ಯಾಹ್ನ ಏನು ಉಂಡಿ? ಹೂಕೋಸಿನ ಪಲ್ಯ ಉಂಡೀಯೋ ಏನು? ಮತ್ತ ಕೂಸಿಗೆ ವಾಯು ಆಗದ ಏನಾಗ್ತದ' ಅಂದ್ರು. ಮೂರನೇದವರು 'ಎತ್ತಿ ಎತ್ತಿ ಕೈ ಚಟಾ ಹಚ್ಚೀರಿ' ಅಂತ ತೀರ್ಪು ಕೊಟ್ರು. ನಾಲ್ಕನೇದವರ ವ್ಯಾನಿಟಿ ಬ್ಯಾಗಿನ್ಯಾಗ ಗ್ರೈಪ್ ವಾಟರ್ ಬಾಟ್ಲಿ ತಯಾರೇ ಇತ್ತು. ನಮ್ಮ ಹಿರೇ ನೆಗೆಣ್ಣಿ, ನನಗಿಂತ ಹತ್ತು ವರ್ಷಕ್ಕ ದೊಡ್ಡವರು, 'ಸಾಣಿಕಲ್ಲು ಎಲ್ಲಿಟ್ಟಿ? ನಾ ಗುಟ್ಟಿ ತೇಯ್ದು ಕೊಡ್ತೀನಿ' ಅಂತ ಸೆರಗು ಸಿಗಿಸಿ ಎದ್ದೇ ಬಿಟ್ರು. ಎಲ್ಲಾ ಮುಗದ ಮ್ಯಾಲೆ ಬಾಗಿಲದಾಗ ಚಪ್ಪಲಿ ಮೆಟ್ಟಿಕೋತ ಒಬ್ಬರು ನನ್ನ ಕಿವ್ಯಾಗ, 'ಹಳ್ಳ್ಯಾಗ ನಮ್ಮ ಗುರ್ತಿನ ಮುದುಕಿ ಒಬ್ಬಾಕಿ ಇದ್ದಾಳ, ಹೊಟ್ಟಿಮ್ಯಾಲೆ ಸಣ್ಣಂಗ ಬರಿ ಹಾಕತಾಳ, ಮರುದಿನದಿಂದ ಅಳು ಬಂದ್' ಅಂದ್ರು. ಓದಿದವರು, ಮಗನ್ನ ಇಂಜಿನಿಯರ್ ಮಾಡಿದವರು. ಆರು ವಾರದ ಕೂಸಿನ ಹೊಟ್ಟಿಮ್ಯಾಲೆ ಬರಿ!

ಒಬ್ಬರೂ 'ಕೂಸನ್ನ ಇಲ್ಲಿ ಕೊಡವಾ, ನಾ ಒಂದು ತಾಸು ಹಿಡ್ಕೋತೀನಿ, ನೀ ಅಡ್ಡಾಗು' ಅನ್ನಲಿಲ್ಲ. ನನ್ನ ಸಿಟ್ಟಿರೋದು ಇದಕ್ಕ.

ಮೊದಲು ಅಳುವಿನ ಮಾತು. ಸಣ್ಣ ಕೂಸುಗೋಳ ಈ ಸಂಜೀ ಅಳು ಹುಟ್ಟಿದ ಎರಡನೇ ವಾರದ ಸುಮಾರಿಗೆ ಶುರುವಾಗ್ತದ, ಆರನೇ ವಾರಕ್ಕ ಏರತದ, ಮೂರು-ನಾಲ್ಕು ತಿಂಗಳಿಗೆ ತಾನಾಗೇ ಇಳೀತದ. ಅಮೆರಿಕಾದಾಗ ಮಾರಿಸ್ ವೆಸೆಲ್ ಅನ್ನೋ ಮಕ್ಕಳ ಡಾಕ್ಟರ್ 1954ರಾಗ ಇದಕ್ಕೊಂದು ಲೆಕ್ಕ ಹಾಕಿ ಕೊಟ್ರು. ದಿನಕ್ಕ ಮೂರು ತಾಸಿಗಿಂತ ಹೆಚ್ಚು, ವಾರದಾಗ ಮೂರು ದಿವಸಕ್ಕಿಂತ ಹೆಚ್ಚು, ಮೂರು ವಾರಕ್ಕಿಂತ ಹೆಚ್ಚು ಅಳೋ ಆರೋಗ್ಯದ ಕೂಸಿಗೆ ಕೋಲಿಕ್ ಅಂತ ಹೆಸರು. ಹೆಸರು ಇಟ್ರು ಅಷ್ಟೇ. ಕಾರಣ ಇದೇ ಅಂತ ಇವತ್ತಿಗೂ ಯಾರೂ ಖಾತ್ರಿಯಾಗಿ ಹೇಳಿಲ್ಲ. ಹೊಟ್ಟಿ ನೋವು ಅಂತ ನಾವು ಅಂದುಕೋತೀವಿ, ಯಾಕಂದ್ರ ಕೂಸು ಕಾಲು ಮಡಚತದ, ಹೂಸು ಬಿಡತದ. ಆದ್ರ ಯಾವ ಕಾರಣಕ್ಕ ಅತ್ರೂ ಕೂಸು ಕಾಲು ಮಡಚೇ ಅಳೂದು. ಬಾಯಿ ತೆಗದು ತಾಸುಗಟ್ಟಲೆ ಅತ್ರ ಗಾಳಿ ನುಂಗತದ, ಆ ಗಾಳಿ ಹೊರಗ ಬರಬೇಕಲ್ಲ. ವಾಯು ಆಗಿ ಅತ್ತಿತೋ, ಅತ್ತು ವಾಯು ಆತೋ, ಯಾರು ಕಂಡಾರ?

'ಈಗಿನ ಹುಡುಗ್ಯಾರಿಗೆ ಕೂಸು ಹಿಡಿಯೂದು ಬರಂಗಿಲ್ಲ, ಅದಕ್ಕ ಅಳ್ತಾವ' ಅನ್ನೋರಿಗೆ ಇನ್ನೊಂದು ಹೇಳ್ತೀನಿ. ಆಫ್ರಿಕಾದ ಕಲಹಾರಿ ಮರುಭೂಮ್ಯಾಗ ಕುಂಗ್ ಸಾನ್ ಅನ್ನೋ ಜನ ಇದ್ದಾರ. ಅವರ ತಾಯಂದ್ರು ಹಗಲೆಲ್ಲಾ ಕೂಸನ್ನ ಮೈಗೆ ಕಟ್ಟಿಕೊಂಡಿರತಾರ, ತಾಸಿಗೆ ಮೂರು-ನಾಲ್ಕು ಸಲ ಹಾಲು ಕುಡಸ್ತಾರ, ಕೂಸು ಕುಂಯ್ ಅಂದ್ರ ಸಾಕು ತಿರುಗಿ ನೋಡತಾರ. ಅವರ ಕೂಸುಗಳನ್ನ ಅಭ್ಯಾಸ ಮಾಡಿ 1991ರಾಗ ಡಾಕ್ಟರ್‌ಗೋಳು ಬರದದ್ದೇನಂದ್ರ, ಅಲ್ಲೂ ಮೊದಲಿನ ಮೂರು ತಿಂಗಳೇ ಅಳು ಹೆಚ್ಚು. ಆದ್ರ ಒಂದೊಂದು ಸಲದ ಅಳು ಲಗೂ ಮುಗೀತದ. ಅಂದ್ರ ಅಳೂದು ಕೂಸಿನ ವಯಸ್ಸಿನ ಗುಣ. ಎಷ್ಟೊತ್ತು ಅಳ್ತದ ಅನ್ನೋದು ಸ್ವಲ್ಪ ಮಟ್ಟಿಗೆ ಎಷ್ಟು ಕೈ ಅದನ್ನ ಹಿಡೀತಾವ ಅನ್ನೋದರ ಮ್ಯಾಲೆ. ಕೈ ಚಟಾ ಹಚ್ಚಬ್ಯಾಡ್ರಿ ಅಂತ ಹೇಳಿದವರು ಇದನ್ನ ಎರಡು ಸಲ ಓದ್ರಿ. ಆರು ವಾರದ ಕೂಸಿಗೆ ಚಟಾ ಅನ್ನೋದಿಲ್ಲ. ಒಂಬತ್ತು ತಿಂಗಳು ಹೊಟ್ಟ್ಯಾಗ ಅಲುಗಾಡಕೋತ ಇದ್ದ ಜೀವಕ್ಕ ಸುಮ್ಮನಿರೋ ತೊಟ್ಟಲಾನೇ ಹೊಸಾದು.

ಇನ್ನ ಹಾಲು. 'ಹಾಲು ಸಾಲವಲ್ದು' ಅನ್ನೋ ಮಾತಿನಷ್ಟು ಕೆಟ್ಟ ಮಾತು ಬಾಣಂತಿ ಮನ್ಯಾಗ ಇನ್ನೊಂದಿಲ್ಲ. ಬೈದ್ರ ಹುಡುಗಿ ತಿರುಗಿ ಬೈತಾಳ. ಇದನ್ನ ಅಂದ್ರ ಒಳಗೇ ಕುಸೀತಾಳ. ಸಾಲ್ತದೋ ಇಲ್ಲೋ ನೋಡಲಿಕ್ಕೆ ಅಳು ಅಳತಿಗೋಲಲ್ಲ. ದಿನಕ್ಕ ಆರು ಸಲಕ್ಕಿಂತ ಹೆಚ್ಚು ಉಚ್ಚಿ ಹೊಯ್ತದೇನು? ತೂಕ ಏರತದೇನು? ಏರಿದ್ರ ಹಾಲು ಸಾಲ್ತದ, ಮಾತು ಮುಗೀತು. ಸಂಜೀಮುಂದ ಕೂಸು ಅರ್ಧ ತಾಸಿಗೊಮ್ಮೆ ಎದಿ ಕೇಳತದ, ಅದು ಹಸಿವಿಯಷ್ಟೇ ಅಲ್ಲ, ತಾಯಿ ಮೈ ಬೇಕು ಅನ್ನೋ ಆಸೆ. ಅವಾಗ ಡಬ್ಬಿ ಹಾಲು ಕೊಟ್ರ ಎದಿ ಚೀಪೂದು ಕಡಿಮಿ ಆಗ್ತದ, ಚೀಪೂದು ಕಡಿಮಿ ಆದ್ರ ಹಾಲು ಕಡಿಮಿ ಆಗ್ತದ, ಹದಿನೈದು ದಿನಕ್ಕ ನೀವು ಹೇಳಿದ ಮಾತು ಖರೇ ಆಗ್ತದ. ಆವಾಗ ಮತ್ತ ನೀವೇ ಬಂದು 'ನಾ ಹೇಳಿರಲಿಲ್ಲಾ?' ಅಂತೀರಿ.

ಹೂಕೋಸಿನ ಮಾತು. ತಾಯಿ ಹೊಟ್ಟ್ಯಾಗಿನ ವಾಯು ಹಾಲಿನ್ಯಾಗ ಇಳಿಯೂದಿಲ್ಲ. ಹಾಲು ಆಗೂದು ರಕ್ತದಿಂದ, ಕರುಳಿನ ಗಾಳಿಯಿಂದ ಅಲ್ಲ. ಒಂದಿಷ್ಟು ಕೂಸುಗಳಿಗೆ, ಭಾಳ ಮಂದಿಗೆ ಅಲ್ಲ, ತಾಯಿ ಕುಡಿದ ಆಕಳ ಹಾಲಿನ ಅಂಶ ಒಗ್ಗೂದಿಲ್ಲ. ಅದಕ್ಕ ಬ್ಯಾರೇ ಗುರ್ತು ಇರ್ತಾವ, ಹೇಲಿನ್ಯಾಗ ರಕ್ತ, ಮೈಮ್ಯಾಲೆ ಕಜ್ಜಿಯಂಗ ಗಾದರಿ, ತೂಕ ಏರದೇ ಇರೂದು. ಅದನ್ನ ಡಾಕ್ಟರ್ ನೋಡಿ ಹೇಳಬೇಕು. ಚಹಾ-ಕಾಫಿ ನಾಲ್ಕೈದು ಕಪ್ ಕುಡಿಯೋರು ಕಡಿಮಿ ಮಾಡಿದ್ರ ಛಲೋ. ಅದು ಬಿಟ್ಟು ಬದನಿಕಾಯಿ ಬ್ಯಾಡ, ಆಲೂಗಡ್ಡಿ ಬ್ಯಾಡ, ಕಡ್ಲಿಬ್ಯಾಳಿ ಬ್ಯಾಡ, ಮೊಸರು ಬ್ಯಾಡ, ಹಣ್ಣು ಥಂಡಿ, ನೀರು ಥಂಡಿ ಅಂತ ಬರೇ ಅನ್ನ, ತುಪ್ಪ, ಮೆಣಸಿನ ಸಾರಿನ ಮ್ಯಾಲೆ ಹುಡುಗಿನ್ನ ಇಟ್ರ ಆಕಿಗೆ ಮಲಬದ್ಧತೆ ಆಗ್ತದ, ಹೊಲಿಗಿ ನೋಯ್ತದ, ಕೂಸಿನ ಅಳು ಮಾತ್ರ ಆರು ಗಂಟೆಗೆ ಸರಿಯಾಗಿ ಶುರು ಆಗ್ತದ. ಆಳ್ವಿ ಪಾಯಸಾ, ಅಂಟಿನುಂಡಿ, ಸಬ್ಬಸಗಿ ಪಲ್ಯಾ, ಕೊಬ್ಬರಿ ಖಾರಾ ನಾನೂ ಮಾಡೀನಿ, ಮಾಡತೀನಿ, ಅದರ ಮ್ಯಾಲೆ ನನ್ನ ತಕರಾರಿಲ್ಲ. ತಿನಿಸೋದರ ಮ್ಯಾಲೆ ಅಲ್ಲ, ಕಸಗೊಳ್ಳೋದರ ಮ್ಯಾಲೆ ತಕರಾರು.

ಗ್ರೈಪ್ ವಾಟರ್ ಬಗ್ಗೆ ನಮ್ಮ ಮಂದಿಗೆ ಇರೋ ಭಕ್ತಿ ನೋಡಿದ್ರ ಅದು ನಮ್ಮ ಅಜ್ಜಿಗೋಳ ಔಷಧ ಅನ್ನಂಗದ. ಅದು ಇಂಗ್ಲೆಂಡಿನದು. 1851ರಾಗ ನಾಟಿಂಗ್‌ಹ್ಯಾಮ್‌ನ ವಿಲಿಯಂ ವುಡ್‌ವರ್ಡ್ ಅನ್ನೋ ಔಷಧ ಮಾರೋ ಮನುಷ್ಯ ಮಾಡಿದ್ದು. ಸಬ್ಬಸಗಿ ಬೀಜದ ಎಣ್ಣಿ, ಸೋಡಾ, ಸಕ್ಕರಿ, ನೀರು, ಜೊತಿಗೆ ಆಲ್ಕೋಹಾಲ್, ಸುಮಾರು ನೂರಕ್ಕ 3.6ರಷ್ಟು! ಹಳೇ ಕಾಲದ ಇಂಗ್ಲಿಷ್ ಕೂಸುಗೋಳು ಯಾಕ ಸುಮ್ಮನಾಗ್ತಿದ್ವು ಅಂತ ಬಿಡಿಸಿ ಹೇಳಬೇಕೇನು? ಈಗ ಆಲ್ಕೋಹಾಲ್ ತೆಗದಾರ. ಉಳಿದದ್ದು ಸವಿ ನೀರು. ಸಿಹಿ ನಾಲಿಗಿಗೆ ತಾಗಿದ್ರ ಯಾವ ಕೂಸಾದ್ರೂ ಒಂದೆರಡು ನಿಮಿಷ ಚಪ್ಪರಿಸಿ ಸುಮ್ಮನಾಗ್ತದ. ಅದಕ್ಕ ಬಾಟ್ಲಿ ಯಾಕ ಬೇಕು? ಆರು ತಿಂಗಳ ತನಕ ಎದಿಹಾಲು ಬಿಟ್ಟು ನೀರು ಸುದ್ದಾ ಬ್ಯಾಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ, ನಮ್ಮ ಓಣಿ ಅಂಗನವಾಡಿ ಗ್ವಾಡಿಮ್ಯಾಲೂ ಬರದಾರ. ಇನ್ನೊಂದು, ಮನ್ಯಾಗ ದೊಡ್ಡ ಕೂಸಿಗೆ ತಂದ ಹೊಟ್ಟಿನೋವಿನ ಡ್ರಾಪ್ಸ್ ಉಳದಿರ್ತದ. ಅದರಾಗ ಡೈಸೈಕ್ಲೋಮಿನ್ ಅಂತ ಬರದಿದ್ರ ಆರು ತಿಂಗಳ ಒಳಗಿನ ಕೂಸಿಗೆ ಹಾಕಲೇಬಾರದು, ಉಸರಿಗೆ ತೊಂದ್ರಿ ಆಗ್ತದ. 'ಎರಡ ಹನಿ, ಏನಾಗ್ತದ' ಅಂತ ಕಪಾಟಿನಿಂದ ತೆಗೀಬ್ಯಾಡ್ರಿ. ಜೇನತುಪ್ಪಾನೂ ಅಷ್ಟೇ, ವರ್ಷ ತುಂಬೋ ತನಕ ಬಾಯಿಗೆ ಹಚ್ಚಬಾರದು. ಅದರಾಗಿರೋ ಒಂದು ಜಾತಿ ಜೀವಾಣು ಸಣ್ಣ ಕೂಸಿನ ಕರುಳಾಗ ವಿಷ ಮಾಡತದ, ನರ ಸಡಲ ಬಿಡತಾವ.

ಗುಟ್ಟಿ ಬಗ್ಗೆ ಬರಿಬೇಕಂದ್ರ ನನ್ನದೇ ಬರಿಬೇಕು. ಇಲ್ಲೀತನಕ ನನ್ನ ಮಗನಿಗೂ ಹೇಳಿದ್ದಿಲ್ಲ.

1990ರಾಗ ನನ್ನ ಹಿರೇ ಮಗ ಹುಟ್ಟಿದ. ನಮ್ಮವ್ವ ಅದರ ಹಿಂದಿನ ವರ್ಷ ತೀರಿಕೊಂಡಿದ್ದಳು, ಹಿಂಗಾಗಿ ಬಾಣಂತನ ಅತ್ತಿ ಮನ್ಯಾಗೇ ಆತು. ಅತ್ತಿಯವರು, ಅವರ ನಾದಿನಿ ಅಂದ್ರ ನಮ್ಮವರ ಸೋದರತ್ತಿ, ಮತ್ತ ನಾನು. ಕೂಸು ಇಪ್ಪತ್ತೈದು ದಿನದ್ದಿದ್ದಾಗಿಂದ ಸಂಜೀ ಅಳು ಶುರುವಾತು, ಥೇಟ್ ಈಗಿನ ಮೊಮ್ಮಗಳಂಗ. ಸೋದರತ್ತಿ ಗುಟ್ಟಿ ತೇಯೋದ್ರಾಗ ಹೆಸರಾದವರು. ಸಾಣಿಕಲ್ಲಿನ ಮ್ಯಾಲೆ ನನ್ನ ಎದಿಹಾಲೇ ಹಿಂಡಿಸಿಕೊಂಡು ಬಜಿ, ಮಾಯಿಫಲ, ಅಳಲಿಕಾಯಿ, ಅರಿಷಿಣಕೊಂಬು, ಶುಂಠಿ, ಜಾಜಿಕಾಯಿ, ಒಂದೊಂದಕ್ಕ ಇಷ್ಟಿಷ್ಟು ಸುತ್ತು ಅಂತ ಲೆಕ್ಕ. ಒಂದು ದಿನ ಮನಿಗೆ ಮಂದಿ ಬರೋರಿದ್ರು, ಕೂಸು ಸುಮ್ಮನಿರಲಿ ಅಂತ ಜಾಜಿಕಾಯಿದು ಸುತ್ತು ಜಾಸ್ತಿ ಹೊಡದ್ರು. ಕೂಸು ಮಲಗಿತು. ಬಂದ ಮಂದಿ 'ಎಷ್ಟು ಶಾಣ್ಯಾ ಕೂಸು' ಅಂತ ಹೊಗಳಿ ಹೋದ್ರು. ಮಧ್ಯಾಹ್ನ ಎರಡಕ್ಕ ಮಲಗಿದ್ದು ರಾತ್ರಿ ಎಂಟಕ್ಕೂ ಏಳಲಿಲ್ಲ. ಎದಿಗೆ ಹಚ್ಚಿದ್ರ ಬಾಯಿ ತೆರಿಯವಲ್ದು. ಕೈ ಎತ್ತಿ ಬಿಟ್ರ ಅರಿವಿಯಂಗ ಬೀಳ್ತಿತ್ತು. ಆಮ್ಯಾಲೆ ವಾಂತಿ ಮಾಡಿಕೊಂಡಿತು, ರಿಕ್ಷಾದಾಗ ಹಾಕಿಕೊಂಡು ದವಾಖಾನಿಗೆ ಓಡಿದ್ವಿ.

ಡಾಕ್ಟರ್ ಕೇಳಿದ್ರು: 'ಏನಾದ್ರೂ ಕೊಟ್ಟೀರೇನು?'

ಸೋದರತ್ತಿ ನನ್ನ ಬೆನ್ನ ಹಿಂದ ನಿಂತಿದ್ರು. ನಾ ಹೇಳಿದೆ, 'ಏನೂ ಇಲ್ಲರೀ, ಎದಿಹಾಲು ಅಷ್ಟೇ.'

ಡಾಕ್ಟರ್ ಎರಡನೇ ಸಲ ಕೇಳಿದ್ರು. ಎರಡನೇ ಸಲನೂ ಹಂಗೇ ಹೇಳಿದೆ. ಹಿರೇರ ಮಾನ ಉಳಿಸಬೇಕಿತ್ತು, ಇಪ್ಪತ್ಮೂರು ವರ್ಷದ ಸೊಸಿ ನಾನು. ಕೂಸಿಗೆ ಸಲಾಯಿನ್ ಹಚ್ಚಿ, ಬೆನ್ನಾಗ ಸೂಜಿ ಚುಚ್ಚಿ ನೀರು ತೆಗದ್ರು, ಮಿದುಳಿನ ಜ್ವರ ಏನೋ ಅಂತ ಅವರಿಗೆ ಸಂಶೆ. ನಾ ಒಂದು ಮಾತು ಖರೇ ಹೇಳಿದ್ರ ಆ ಸೂಜಿ ತಪ್ಪತಿತ್ತೋ ಏನೋ. ಮೂರನೇ ದಿನ ಕೂಸು ಹುಷಾರಾಗಿ ಮನಿಗೆ ಬಂತು. ಸೋದರತ್ತಿ ದೃಷ್ಟಿ ಆಗಿತ್ತು ಅಂತ ಉಪ್ಪು-ಮೆಣಸಿನಕಾಯಿ ಇಳಿಸಿ ಒಲಿಗೆ ಹಾಕಿದ್ರು. ಅವರಿಗೆ ಕೂಸಿನ ಮ್ಯಾಲೆ ಪ್ರೀತಿ ಇರಲಿಲ್ಲ ಅಂತ ನಾ ಅನ್ನಂಗಿಲ್ಲ. ಭಾಳ ಇತ್ತು. ಅದಕ್ಕೇ ನನಗ ಬಾಯಿ ಬರಲಿಲ್ಲ.

ಜಾಜಿಕಾಯಿ ಜಾಸ್ತಿ ಆದ್ರ ಮಂಪರು ಹತ್ತತದ, ದೊಡ್ಡವರಿಗೂ ಹತ್ತತದ. ಇನ್ನ ಬಜಿ, ಅದರಾಗಿನ ಎಣ್ಣಿ ಅಂಶ ಒಳ್ಳೇದಲ್ಲ ಅಂತ ಅಮೆರಿಕಾದಾಗ 1968ರಾಗೇ ಅದನ್ನ ತಿನ್ನೋ ಪದಾರ್ಥಕ್ಕ ಹಾಕಬಾರದು ಅಂತ ನಿಷೇಧ ಮಾಡ್ಯಾರ. ನಾವು ಅದನ್ನ ನಾಲ್ಕು ಕೆ.ಜಿ. ಜೀವಕ್ಕ ಕಲ್ಲಿನ ಮ್ಯಾಲೆ ಕಣ್ಣಳತಿಲೆ ತೇಯ್ದು ಕುಡಸ್ತೀವಿ. ಒಂದು ದಿನ ಬೇರು ಹಸೀದಿರ್ತದ, ಒಂದು ದಿನ ಒಣಗಿರ್ತದ. ಒಬ್ಬರ ಕೈ ಹಗರ, ಒಬ್ಬರ ಕೈ ಭಾರ. ಕಲ್ಲು ತೊಳದ ನೀರು ಎಂಥಾದ್ದೋ. 'ಸುತ್ತು' ಅಂದ್ರ ಎಷ್ಟು ಅಂತ ಯಾರು ಹೇಳಬೇಕು?

'ನಾವೆಲ್ಲಾ ಗುಟ್ಟಿ ಕುಡದೇ ದೊಡ್ಡವರಾಗೀವಿ' ಅಂತೀರಿ. ಹೌದ್ರಿ. ದೊಡ್ಡವರಾದವರು ನಾವಷ್ಟೇ ಮಾತಾಡಲಿಕ್ಕೆ ಇದ್ದೀವಿ. ನಮ್ಮ ಅಜ್ಜಿ ಎಂಟು ಹಡದು ಐದು ಉಳಿಸಿಕೊಂಡಾಕಿ. ಹೋದ ಮೂರಕ್ಕ ಯಾರೂ ಕೇಳೂದಿಲ್ಲ. 1971ರಾಗ ನಮ್ಮ ದೇಶದಾಗ ಹುಟ್ಟಿದ ಸಾವಿರ ಕೂಸಿನ್ಯಾಗ 129 ವರ್ಷ ತುಂಬೋದರೊಳಗ ಹೋಗ್ತಿದ್ವು, 2020ರಾಗ ಅದು 28ಕ್ಕ ಇಳದದ. ಆ 129 ಎಲ್ಲಾ ಗುಟ್ಟಿಯಿಂದ ಹೋದ್ವು ಅಂತ ನಾ ಹೇಳವಲ್ಲೆ, ಅಷ್ಟು ಹುಚ್ಚಿ ಅಲ್ಲ ನಾನು. ಹಳೇ ಕಾಲದ ಬಾಣಂತನ ಎಲ್ಲಾ ಬಂಗಾರ ಅನ್ನೋರು ಆ ಅಂಕಿನೂ ನೆನಪಿಟ್ಟುಕೊಳ್ರಿ ಅಷ್ಟೇ.

'ಮತ್ತ ಗುಟ್ಟಿ ಕೊಟ್ಟ ಮ್ಯಾಲೆ ಅಳು ನಿಂತೇ ನಿಂತಿತಲ್ಲ?' ನಿಲ್ಲತದ. ಮೂರು ತಿಂಗಳಿಗೆ ಅಳು ತಾನಾಗೇ ನಿಲ್ಲತದ ಅಂತ ಮೊದಲೇ ಹೇಳೀನಿ. ಅದಕ್ಕಿಂತ ಮುಂಚೆ ಒಂದು ವಾರ ಗ್ರೈಪ್ ವಾಟರ್ ಕೊಟ್ಟಿರ್ತೀರಿ, ಒಂದು ವಾರ ಓವಿನ ನೀರು, ಆಮ್ಯಾಲೆ ಗುಟ್ಟಿ, ಆಮ್ಯಾಲೆ ತಾಯತ. ಕಡೀಗೆ ಯಾವುದು ಕೈಯಾಗ ಇತ್ತೋ ಅದಕ್ಕ ಹೆಸರು ಬರ್ತದ. ಬರಿ ಹಾಕೋ ಮುದುಕಿಗೂ ಹಿಂಗೇ ಹೆಸರು ಬಂದದ್ದು. ಮರುದಿನ ಕೂಸು ಅಳೂದಿಲ್ಲ ಅಂತಾರಲ್ಲ, ಸುಟ್ಟ ಗಾಯದ ಕೂಸು ನಿತ್ರಾಣ ಆಗಿ ಬಿದ್ದಿರ್ತದ, ಅದಕ್ಕ ಅಳೂದಿಲ್ಲ. ಗಾಯ ಕೀವಾಗಿ ನಂಜೇರಿ ಕೂಸುಗೋಳು ಸತ್ತಾವ. ಬಾಗಿಲದಾಗ ಆ ಮಾತು ಆಡಿದವರಿಗೆ ನಾ ಇಲ್ಲಿ ಖಡಾಖಂಡಿತ ಹೇಳ್ತೀನಿ, ಆ ಮಾತು ನನ್ನ ಮನ್ಯಾಗ ಇನ್ನೊಮ್ಮೆ ಬಂದ್ರ ಕುಂಕುಮ ಹಚ್ಚಿ ಕಳಸಂಗಿಲ್ಲ.

ಇನ್ನೊಂದು ರಾತ್ರಿ ಮಾತು ಅದ.

ದವಾಖಾನಿಯಿಂದ ಬಂದು ಹದಿನೈದು ದಿನ ಆಗಿರಬೇಕು. ಆ ಮ್ಯಾಲೆ ನಾ ಗುಟ್ಟಿ ಕೊಡಗೊಡಲಿಲ್ಲ, ಅದಕ್ಕ ಮನ್ಯಾಗ ಎಲ್ಲಾರೂ ಮುಖ ಗಂಟು ಹಾಕಿದ್ರು. ಅಳೋ ಕೂಸು ನಿಂದು, ನೀನೇ ನೋಡ್ಕೋ ಅನ್ನೋ ಹಂಗ. ನಮ್ಮವರು ಅವಾಗ ರಾತ್ರಿ ಪಾಳಿ. ಹನ್ನೊಂದಾತು, ಹನ್ನೆರಡಾತು, ಕೂಸು ಬಿಡವಲ್ದು. ಹೊಲಿಗಿ ಜಗ್ಗತಿತ್ತು, ಎದಿ ಒಡದು ರಕ್ತ ಬರ್ತಿತ್ತು, ನಾಲ್ಕು ದಿನದಿಂದ ಸರಿಯಾಗಿ ಎರಡು ತಾಸು ನಿದ್ದಿ ಇಲ್ಲ. ಒಮ್ಮೆಲೆ ಏನಾತೋ, ಅವನ ಎರಡೂ ರಟ್ಟಿ ಹಿಡದು ಮುಖದ ಮುಂದ ಎತ್ತಿದೆ. ಝಾಡಿಸಿ ಬಿಡಬೇಕು ಅನಿಸಿತು. ಅನಿಸಿತು ಅಂತ ಬರಿಲಿಕ್ಕೆ ಮೂವತ್ತೈದು ವರ್ಷ ಬೇಕಾತು ನೋಡ್ರಿ.

ಝಾಡಿಸಲಿಲ್ಲ. ಕೌದಿಮ್ಯಾಲೆ ಅಂಗಾತ ಮಲಗಿಸಿ, ಬಾಗಿಲಾ ಮುಂದ ಮಾಡಿ, ಹಿತ್ತಲದಾಗ ಬಟ್ಟಿ ಒಗಿಯೋ ಕಲ್ಲಿನ ಮ್ಯಾಲೆ ಹೋಗಿ ಕೂತೆ. ಒಳಗಿಂದ ಅಳು ಕೇಳ್ತಿತ್ತು. ಹತ್ತು ನಿಮಿಷ ಆಗಿರಬಹುದು. ಅತ್ತಿಯವರು ಎದ್ದು ಬಂದು ನೋಡಿ, 'ಕೂಸನ್ನ ಒಳಗ ಒಗದು ಇಲ್ಲಿ ಗಾಳಿ ತಗೋಳಿಕ್ಕೆ ಕೂತೀಯಲ್ಲ, ನಿನಗ ತಾಯಿ ಅಂತಾರೇನು?' ಅಂದ್ರು.

ಆ ಮಾತು ನನಗ ಹಿಡದದ್ದು ಇವತ್ತಿಗೂ ಬಿಟ್ಟಿಲ್ಲ. ಮಗ ಜ್ವರ ಬಂದು ಮಲಗಿದ್ರ, ಪರೀಕ್ಷಾದಾಗ ನಪಾಸಾದ್ರ, ಪರದೇಶಕ್ಕ ಹೋಗಿ ಫೋನ್ ಮಾಡದೇ ಇದ್ರ, ಪ್ರತಿ ಸಲ ಅದೇ ಕಲ್ಲಿನ ಮ್ಯಾಲೆ ಕೂತಂಗ ಆಗ್ತದ. ಈಗ ಆರು ವಾರದ ಹಿಂದ ಮಗಳ ಜೋಡಿ ದವಾಖಾನಿಗೆ ಹೋದಾಗ ಮಕ್ಕಳ ಡಾಕ್ಟರ್, ಚಿಕ್ಕ ಹುಡುಗಿ ಆಕಿ, ನನ್ನ ಮಗಳಿಗೆ ಹೇಳಿದ್ದೇನು ಗೊತ್ತದೇನು? 'ಕೂಸಿನ ಅಳು ತಡ್ಕೊಳ್ಳಿಕ್ಕೆ ಆಗಲಿಲ್ಲಂದ್ರ ಅಂಗಾತ ಮಲಗಿಸಿ, ಬ್ಯಾರೇ ಕೋಣಿಗೆ ಹೋಗಿ ಐದ-ಹತ್ತು ನಿಮಿಷ ಕೂಡ್ರಿ. ಅತ್ತು ಯಾವ ಕೂಸೂ ಸಾಯಂಗಿಲ್ಲ. ಝಾಡಿಸಿದ್ರ ಸಾಯ್ತದ, ಇಲ್ಲಾ ಕಣ್ಣು ಹೋಗ್ತಾವ, ಮಿದುಳಿನ್ಯಾಗ ರಕ್ತ ಇಳೀತದ.' ನಾ ಅಲ್ಲೇ ಕುರ್ಚಿಮ್ಯಾಲೆ ಕೂತು ಸೆರಗು ಬಾಯಿಗೆ ಹಿಡದು ಅತ್ತೆ. ಆ ಹುಡುಗಿಗೆ ಏನೂ ತಿಳೀಲಿಲ್ಲ, ನೀರು ಕೊಟ್ಲು.

ಅದಕ್ಕ ನಿನ್ನೆ ಬಂದವರಿಗೆ ಕೇಳ್ತೀನಿ. ಹಾಲಿಲ್ಲ, ಹೂಕೋಸು ಉಂಡಿ, ಹಿಡಿಯೂದು ಬರಂಗಿಲ್ಲ ಅಂತ ಮೂರು ಮಾತು ಅಂದು ಹೋದ್ರಿ. ರಾತ್ರಿ ಹನ್ನೆರಡಕ್ಕ ಆ ಮಾತು ನೆನಸಿಕೋತ ಅಳೋ ಕೂಸನ್ನ ಹಿಡಕೊಂಡು ಕೂಡೂದು ಯಾರು? ನೀವಲ್ಲ.

ಮಾಡೂದೇನು ಅಂದ್ರ, ದೊಡ್ಡದೇನಿಲ್ಲ. ಮೊದಲು ಅರಿವಿ ಬಿಚ್ಚಿ ನೋಡ್ರಿ. ಬಾಣಂತಿ ತಲಿಕೂದಲು ಉದುರಿ ಕೂಸಿನ ಕಾಲ್ಬೆಟ್ಟಿಗೆ ಸುತ್ತಿಕೊಂಡು ಬೆಟ್ಟು ಕಪ್ಪಗ ಆಗಿದ್ದು ಕಂಡೀನಿ. ಉಡದಾರ, ಕೈಗೆ ಕಟ್ಟಿದ ಕರಿದಾರ ಬಿಗಿ ಆಗಿರ್ತಾವ, ಕೂಸು ವಾರಕ್ಕೊಂದಿಷ್ಟು ದಪ್ಪ ಆಗ್ತದಲ್ಲ. ಹಾಲು ಕುಡಿಸಿ ಹೆಗಲಿಗೆ ಹಾಕಿ ತೇಗು ಬರೋ ತನಕ ಬೆನ್ನು ಸವರ್ರಿ. ಆಮ್ಯಾಲೆ ಹೊತ್ತುಕೊಂಡು ನಡೀರಿ. ಜಪಾನಿನ ರಿಕೆನ್ ಸಂಸ್ಥೆಯವರು 2022ರಾಗ ಇದನ್ನೇ ಪರೀಕ್ಷಾ ಮಾಡ್ಯಾರ: ಐದು ನಿಮಿಷ ಎತ್ತಿಕೊಂಡು ಒಂದೇ ಸವನ ನಡದ್ರ ಅಳೋ ಕೂಸು ತಣ್ಣಗಾಗ್ತದ, ನಿದ್ದಿ ಹತ್ತಿದ ಮ್ಯಾಲೆ ಕೂಡ್ಲೆ ಕೆಳಗ ಹಾಕದ ಐದರಿಂದ ಎಂಟು ನಿಮಿಷ ಹಂಗೇ ಹಿಡಕೊಂಡು ಕೂತು ಆಮ್ಯಾಲೆ ಮಲಗಿಸಿದ್ರ ಏಳೂದಿಲ್ಲ. ನಮ್ಮನಿಯೊಳಗ ಹಿಂಗೇ ನಡದದ, ಪಡಸಾಲಿಯಿಂದ ಹಿತ್ತಲ ಬಾಗಿಲಕ್ಕ, ಹಿತ್ತಲ ಬಾಗಿಲದಿಂದ ಪಡಸಾಲಿಗೆ. ಅಳಿಯಂದ್ರು ಶನಿವಾರ ಬೆಂಗಳೂರಿಂದ ಬಂದಾಗ ಅವರ ಪಾಳಿ, ಕೂಸನ್ನ ಮುಂಗೈಮ್ಯಾಲೆ ಬೋರಲು ಮಲಗಿಸಿಕೊಂಡು ತಿರಗ್ತಾರ, ಅದು ಹಲ್ಲಿಯಂಗ ಅಂಟಿಕೊಂಡು ಸುಮ್ಮನಾಗ್ತದ. ಅವರಿಗೆ ಈ ವಿದ್ಯಾ ಯಾರು ಕಲಿಸಿದ್ರೋ! ಹಿಡಕೊಂಡಾಗ ಬೋರಲು ನಡೀತದ, ಮಲಗಿಸುವಾಗ ಮಾತ್ರ ಅಂಗಾತನೇ. ಕತ್ತಲಿ ಕೋಣಿ, ಫ್ಯಾನಿನ ಭರ್ ಸಪ್ಪಳ, ತಾಯಿಯ ಬರೀ ಎದಿಮ್ಯಾಲೆ ಕೂಸಿನ ಬರೀ ಮೈ, ತಟಗು ಬಿಸಿನೀರು ಸ್ನಾನ, ಇವು ಒಂದೊಂದು ದಿನ ಒಂದೊಂದು ಕೆಲಸ ಮಾಡತಾವ. ಒಂದೊಂದು ದಿನ ಯಾವುದೂ ಮಾಡಂಗಿಲ್ಲ. ಇಂಗು ನೀರು ಹೊಕ್ಕಳ ಸುತ್ತ ಹಚ್ಚತೀರಾ, ಹಚ್ಚರಿ, ಬಾಯಿಗೆ ಹೋಗದ್ರ ಸಾಕು. ದೃಷ್ಟಿ ತಗೀತೀರಾ, ತಗೀರಿ, ಮೆಣಸಿನಕಾಯಿ ಘಾಟು ಕೂಸಿನ ಕೋಣಿಗೆ ಬರಬಾರದು. ಲೋಬಾನದ ಹೊಗಿನೂ ಬ್ಯಾಡ, ಮೂಗಿನ್ಯಾಗ ಎಣ್ಣಿ ಬಿಡೂದಂತೂ ಬ್ಯಾಡೇ ಬ್ಯಾಡ. ಎಣ್ಣಿ ಪುಪ್ಪುಸಕ್ಕ ಇಳದ್ರ ನ್ಯುಮೋನಿಯಾ ಆಗ್ತದ.

ಡಾಕ್ಟರ್ ಕಡೆ ಓಡಬೇಕಾದ ಅಳು ಬ್ಯಾರೇ ಇರ್ತದ, ಅದನ್ನ ಕೋಲಿಕ್ ಅಂತ ಮನ್ಯಾಗ ಇಟ್ಟುಕೊಂಡು ಕೂಡಬ್ಯಾಡ್ರಿ. ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ರ, ಹಸರ ವಾಂತಿ ಆದ್ರ, ಹೇಲಿನ್ಯಾಗ ರಕ್ತ ಕಂಡ್ರ, ಹಾಲು ಬಿಟ್ರ, ಉಚ್ಚಿ ಕಡಿಮಿ ಆದ್ರ, ನೆತ್ತಿ ಉಬ್ಬಿದ್ರ, ತೊಡಿ ಸಂದ್ಯಾಗ ಗಂಟು ಕಂಡ್ರ, ಎಬ್ಬಿಸಿದ್ರೂ ಏಳದಂಗ ಮಂಕಾಗಿ ಮಲಗಿದ್ರ ಅವತ್ತೇ, ಆವಾಗಲೇ ಹೋಗಬೇಕು. ಹೋದ ಮ್ಯಾಲೆ ಡಾಕ್ಟರ್ 'ಏನಾದ್ರೂ ಕೊಟ್ಟೀರೇನು' ಅಂತ ಕೇಳಿದ್ರ, ಕೊಟ್ಟದ್ದಿದ್ರ ಹೇಳ್ರಿ. ಬೆನ್ನ ಹಿಂದ ಯಾರರೇ ನಿಂತಿರಲಿ.

ಬಾಣಂತಿ ಕಡೆನೂ ಕಣ್ಣಿರಲಿ. ಎರಡು ವಾರ ಆದ್ರೂ ಅಳೂದು ನಿಲ್ಲವಲ್ದು, ಊಟ ಸೇರವಲ್ದು, ಕೂಸು ಮಲಗಿದ್ರೂ ಆಕಿಗೆ ನಿದ್ದಿ ಇಲ್ಲ, ನನ್ನಿಂದ ಆಗಂಗಿಲ್ಲ, ನಾ ಇರಬಾರದು ಅಂತ ಮಾತು ಬರಲಿಕ್ಕೆ ಹತ್ತಿತಂದ್ರ ಅದು ಸೊಕ್ಕಲ್ಲ, ನಾಟಕಲ್ಲ. ಅದೂ ಒಂದು ಜಡ್ಡು, ಅದಕ್ಕೂ ಔಷಧ ಅದ, ಆಕಿನ್ನೂ ಡಾಕ್ಟರ್‌ಗೆ ತೋರಿಸಬೇಕು. ನಮ್ಮ ಕಾಲದಾಗ ಅದಕ್ಕ ಹೆಸರೇ ಇರಲಿಲ್ಲ, ಸನ್ನಿ ಅಂತಿದ್ರು, ಇಲ್ಲಾ ಗಾಳಿ ಸೋಕ್ಯದ ಅಂತಿದ್ರು.

ನಾಳೆ ಮತ್ತ ನಾಲ್ಕು ಮಂದಿ ಬರ್ತೀವಿ ಅಂತ ಫೋನ್ ಮಾಡ್ಯಾರ. ಬರ್ರಿ, ಬ್ಯಾಡ ಅನ್ನಂಗಿಲ್ಲ. ಆರು ಗಂಟೆಗೇ ಬರ್ರಿ, ಅಳು ಶುರುವಾಗೋ ಹೊತ್ತಿಗೆ. ಕೈ-ಕಾಲು ತೊಳಕೊಂಡು, ಬಳಿ ಒಂದಿಷ್ಟು ಹಿಂದ ಸರಿಸಿ ಕೂಸನ್ನ ಎತ್ತಿಕೊಳ್ರಿ, ಪಡಸಾಲಿಯಿಂದ ಹಿತ್ತಲಕ್ಕ ಇಪ್ಪತ್ತು ಹೆಜ್ಜಿ ಅದ. ಒಬ್ಬರು ಅರ್ಧ ತಾಸು ತಿರಗ್ರಿ, ಆಮ್ಯಾಲೆ ಇನ್ನೊಬ್ಬರು. ನನ್ನ ಮಗಳು ಒಳಗ ಮಲಗಿರ್ತಾಳ, ಎಬ್ಬಿಸಬ್ಯಾಡ್ರಿ. ಹಾಡು ಬರೋರು ಹಾಡ್ರಿ, ಬರದವರು ಹೂಂ ಹೂಂ ಅಂದ್ರೂ ನಡೀತದ. ಅಂಟಿನುಂಡಿ ಡಬ್ಬಿ ಟೇಬಲ್ ಮ್ಯಾಲೆ ಇರ್ತದ, ಚಹಾ ನಾ ಮಾಡತೀನಿ. ಹಿರೇ ನೆಗೆಣ್ಣಿಯವರಿಗೆ ಒಂದು ಮಾತು, ಸಾಣಿಕಲ್ಲು ಹುಡಕಬ್ಯಾಡ್ರಿ, ಅಟ್ಟದ ಮ್ಯಾಲೆ ಹಾಕಿಸೀನಿ. ನಿಮ್ಮ ಹೆಗಲಮ್ಯಾಲೆ ನಿನ್ನೆ ಕೂಸು ಎರಡು ನಿಮಿಷ ಸುಮ್ಮನಾಗಿತ್ತು, ನಾ ನೋಡಿದೆ. ನಾಳೆ ಮೊದಲನೇ ಅರ್ಧ ತಾಸು ನಿಮ್ಮದು.